ಒಂಬತ್ತು ಗುಂಡಿಗಳ ಸುತ್ತು

ಸೇನೆಯಿಂದ ಹವಾಲ್ದಾರನಾಗಿ ನಿವೃತ್ತನಾದ ಮೇಲೂ ಬೆಳಿಗ್ಗೆ ನಾಲ್ಕೂವರೆಗೆ ಏಳುವುದು, ಹಾಸಿಗೆ ಮಡಚಿಡುವುದು, ಗಡ್ಡ ಹೆರೆದುಕೊಳ್ಳುವುದು ಒಂದು ದಿನವೂ ತಪ್ಪಿಲ್ಲ. ಮಧುಗಿರಿಯ ಮನೆಯಲ್ಲಿ ಸುಮ್ಮನೆ ಕೂರಲಾಗದೆ, ಪಾವಗಡದ ಆಚೆ ಹೊಲಗಳನ್ನು ಗುತ್ತಿಗೆಗೆ ಪಡೆದು ಸೋಲಾರ್ ಪ್ಯಾನೆಲ್ ಹಾಸಿದ್ದ ಒಂದು ಕಂಪನಿಯಲ್ಲಿ ಕಾವಲಿನ ಮೇಲ್ವಿಚಾರಕನಾಗಿ ಸೇರಿದೆ.

ನನ್ನ ಕೈಕೆಳಗಿನ ಕಾವಲುಗಾರರಲ್ಲಿ ಒಬ್ಬ ಪಕ್ಕದ ಹಳ್ಳಿಯವನು. ನನಗಿಂತ ಎರಡು ವರ್ಷ ಚಿಕ್ಕವನು, ನನ್ನನ್ನು ಅಣ್ಣ ಅನ್ನುತ್ತಿದ್ದ. ಅವನ ಹೊಲವೂ ಬೇಲಿಯೊಳಗೇ ಇತ್ತು. ಆ ಹೊಲದ ಮೂಲೆಯಲ್ಲಿ ಅವನ ಹೆಂಡತಿಯನ್ನು ಮಣ್ಣು ಮಾಡಿದ್ದರು. ಪ್ಯಾನೆಲ್ ಕಂಬ ನೆಡುವಾಗ ಎಂಜಿನಿಯರುಗಳು ಸಮಾಧಿಯ ಜಾಗವನ್ನಷ್ಟೇ ಬಿಟ್ಟು ನೆಟ್ಟಿದ್ದರು. ಆದರೆ ಒಳಗೆ ವಿದ್ಯುತ್ತಿನ ಅಪಾಯವಿರುವುದರಿಂದ ಕಂಪನಿಯ ಕಾರ್ಡ್ ಇಲ್ಲದವರಿಗೆ ಪ್ರವೇಶವಿಲ್ಲ. ಅವನು ಕೆಲಸಕ್ಕೆ ಸೇರಿದ್ದು ಆ ಕಾರ್ಡಿಗಾಗಿ. ಇದನ್ನು ಅವನು ಮೊದಲ ವಾರವೇ ನನಗೆ ಹೇಳಿದ್ದ.

“ಸಂಬಳ ಕೊಡ್ತಾರಲ್ಲ, ಅದು ಮ್ಯಾಲಿಂದು ಕಣಣ್ಣ. ದಿನಾ ಒಂದ್ಸಲ ಅವ್ಳ ಹತ್ರ ಕೂತು ಬಂದ್ರೆ ನಂಗೆ ಸಾಕು.”

ಎರಡನೆಯ ವರ್ಷ ತಾಮ್ರದ ಕೇಬಲ್ ಕಳವಾಗತೊಡಗಿತು. ಕಾವಲಿನವರು ನಿಜವಾಗಿ ಬೇಲಿ ಸುತ್ತುತ್ತಾರೋ, ಗೇಟಿನ ಬಳಿ ಕೂತು ಬೀಡಿ ಸೇದುತ್ತಾರೋ ಎಂಬುದು ಬೆಂಗಳೂರಿನ ಆಫೀಸಿಗೆ ತಿಳಿಯುವ ದಾರಿ ಇರಲಿಲ್ಲ. ನಾನೇ ಪತ್ರ ಬರೆದು ಏನಾದರೂ ವ್ಯವಸ್ಥೆ ಮಾಡಿ ಎಂದು ಕೇಳಿದೆ. ಸಿರಾದಿಂದ ಒಬ್ಬ ಮೆಕ್ಯಾನಿಕ್ ಬಂದು ಪ್ರತಿ ಕಾವಲುಗಾರನ ಪಾಲಿನ ಬೇಲಿಯಲ್ಲಿ ಒಂಬತ್ತೊಂಬತ್ತು ಕಂಬಗಳಿಗೆ ಕೋಟಿನ ಗುಂಡಿಯಷ್ಟು ದೊಡ್ಡ ಬಿಲ್ಲೆಗಳನ್ನು ಅಂಟಿಸಿದ. ಟಾರ್ಚಿನಂಥ ಒಂದು ಯಂತ್ರವನ್ನು ಗುಂಡಿಗೆ ಮುಟ್ಟಿಸಿದರೆ ಕೀಂ ಎನ್ನುತ್ತದೆ. ಯಾರು ಎಷ್ಟು ಹೊತ್ತಿಗೆ ಎಲ್ಲಿದ್ದರು ಎನ್ನುವುದು ಕಂಪ್ಯೂಟರಿಗೆ ಹೋಗುತ್ತದೆ.

“ಅರೆ ಹವಾಲ್ದಾರ್ ಸಾಬ್, ಇನ್ಮೇಲೆ ನಿಮ್ ಬೈಗುಳಕ್ಕೂ ರಜಾ ನೋಡಿ,” ಎಂದ ಮೆಕ್ಯಾನಿಕ್.

ನನಗೆ ಬಹಳ ಸಂತೋಷವಾಗಿತ್ತು. ಬೇಲಿಯನ್ನು ನಾನೇ ನಡೆದು ಅಳೆದು, ಗುಂಡಿಯಿಂದ ಗುಂಡಿಗೆ ಎಂಟು ನಿಮಿಷ ಎಂದು ವೇಳಾಪಟ್ಟಿ ಬರೆದು ಗೋಡೆಗೆ ಅಂಟಿಸಿದೆ. ಕಳವು ನಿಂತಿತು. ಉಳಿದವರ ಸುತ್ತುಗಳಲ್ಲಿ ಎರಡು ನಿಮಿಷ ಹೆಚ್ಚು, ಮೂರು ನಿಮಿಷ ಕಡಿಮೆ ಬರುತ್ತಿತ್ತು. ಆ ಪಕ್ಕದ ಹಳ್ಳಿಯವನ ಸುತ್ತು ಮಾತ್ರ ಪರೇಡಿನ ಹೆಜ್ಜೆಯಂತೆ. ಅವನ ಹಾಳೆಯನ್ನು ಹಿಡಿದು ಎಲ್ಲರ ಮುಂದೆ ಹೊಗಳಿದೆ. ಕೊರಟಗೆರೆ ಕಡೆಯ ಒಬ್ಬ ಕಾವಲುಗಾರ, “ಮಂಡಿ ನೋವಿನವ್ನು ಹೆಂಗೆ ಇಂಗೆ ನಡೀತಾನೆ ಸಾರ್?” ಎಂದು ನಕ್ಕ. ಸೋಮಾರಿಗಳಿಗೆ ಹೊಟ್ಟೆಕಿಚ್ಚು ಎಂದು ನಾನು ಗದರಿದೆ.

ಆ ಮಳೆಗಾಲದಲ್ಲಿ ಒಂದು ಬೆಳಿಗ್ಗೆ ಜೋರು ಮಳೆ ಬಿದ್ದು ಆ ಹಳ್ಳಿಯವನ ಪಾಲಿನ ಐದನೆಯ ಮತ್ತು ಆರನೆಯ ಗುಂಡಿಯ ನಡುವಿನ ಮೋರಿ ಕೊಚ್ಚಿಹೋಯಿತು. ರೇನ್‌ಕೋಟ್ ಹಾಕಿಕೊಂಡು ಹೋಗಿ ನೋಡಿದೆ. ಎದೆಮಟ್ಟ ನೀರು, ಯಾರೂ ದಾಟುವಂತಿರಲಿಲ್ಲ. ಆಫೀಸಿಗೆ ಮರಳಿ ಪರದೆ ನೋಡಿದರೆ ಅವನು ಆಗಷ್ಟೇ ಆರನೆಯ ಗುಂಡಿ ಮುಟ್ಟಿದ್ದ. ನಿಮಿಷವೂ ಆಚೀಚೆ ಇಲ್ಲ.

ನೇರವಾಗಿ ಸಮಾಧಿಯ ಕಡೆ ನಡೆದೆ. ಪ್ಯಾನೆಲ್ಲಿನ ಕೆಳಗೆ ಗೋಣಿಚೀಲ ಹಾಸಿಕೊಂಡು ಕಾಲು ಚಾಚಿ ಕೂತಿದ್ದ. ಪಕ್ಕದಲ್ಲಿ ಬುತ್ತಿ ಡಬ್ಬಿಯ ಮುಚ್ಚಳ. ಅದರಲ್ಲಿ ಕಂಬಗಳಿಂದ ಕಿತ್ತ ಒಂಬತ್ತೂ ಗುಂಡಿಗಳು ಸಾಲಾಗಿದ್ದವು. ಕೈಗಡಿಯಾರ ನೋಡಿಕೊಂಡು ಏಳನೆಯದಕ್ಕೆ ಯಂತ್ರ ಮುಟ್ಟಿಸುತ್ತಿದ್ದ.

“ಏನಯ್ಯಾ ಇದು?”

ಅವನು ಏಳಲು ಹೋಗಿ ಏಳಲಾಗದೆ ಕೂತ. “ಮಂಡಿ ಹಿಡ್ಕಂಡ್ಬುಟ್ಟೈತೆ ಕಣಣ್ಣ. ಮೂರು ತಿಂಗ್ಳಾತು. ನಾನು ಗುಂಡಿ ಸುತ್ತಿದ್ರೇನು, ಗುಂಡಿನೇ ನನ್ನ ಸುತ್ತ ಕೂತ್ರೇನು, ಲೆಕ್ಕ ಒಂದೇ ಅಲ್ವಾ?” ನಗಿಸಲು ನೋಡಿದ. ನಾನು ನಗಲಿಲ್ಲ.

“ಎಂಟೆಂಟು ನಿಮಿಷ ಹೇಗೆ ಹಾಕಿದೆ?”

“ನೀವೇ ಗ್ವಾಡೆ ಮ್ಯಾಲೆ ಬರ್ದಿದ್ರಲ್ಲ.”

ಆಮೇಲೆ ದನಿ ತಗ್ಗಿಸಿದ. “ಏಂ ಚೇಸೇದಿ ಅನ್ನಾ, ಏನ್ ಮಾಡ್ಲಿ. ನಡೆಯಕ್ಕಾಗಲ್ಲ ಅಂದ್ರೆ ಕಾರ್ಡ್ ಕಿತ್ಕತಾರೆ. ಪ್ಯಾನೆಲ್ ಒರೆಸೋ ಕೆಲ್ಸ ಕೊಡ್ಸಿ, ಕಸ ಗುಡಿಸ್ತೀನಿ, ಏನಾರ ಮಾಡ್ತೀನಿ. ಬರೀಬ್ಯಾಡಿ ಅಣ್ಣ.”

ಬರೆಯದಿದ್ದರೆ ಬೆಂಗಳೂರಿನಲ್ಲಿ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ನಾನು ಕಲಿತ ಶಿಸ್ತಿನಲ್ಲಿ ಮೊದಲು ವರದಿ, ಆಮೇಲೆ ವಿನಂತಿ. ಸೇನೆಯಲ್ಲಿ ವರದಿ ಹೋದರೆ ಒಬ್ಬ ಅಧಿಕಾರಿ ಕರೆಸುತ್ತಾನೆ, ಯಾಕೆ ಹೀಗಾಯಿತು ಎಂದು ಕೇಳುತ್ತಾನೆ. ಆಗ ಜವಾನನ ಪರವಾಗಿ ಎರಡು ಮಾತು ಹೇಳಬಹುದು. ಎಷ್ಟೋ ಸಲ ಹೇಳಿದ್ದೇನೆ. ಅದೇ ನಂಬಿಕೆಯಿಂದ ಕಂಪ್ಯೂಟರಿನ ಮುಂದೆ ಕೂತೆ. ‘ಗುಂಡಿಗಳನ್ನು ಕಿತ್ತಿದ್ದಾರೆಯೇ?’ ಎಂದು ವರದಿಯ ಪುಟ ಕೇಳಿತು. ಹೌದು, ಇಲ್ಲ ಎಂದು ಎರಡೇ ಚೌಕಗಳಿದ್ದವು. ಹೌದು ಒತ್ತಿದೆ. ಮಂಡಿಯ ಬಗ್ಗೆ ಬರೆಯಲು ಜಾಗವಿರಲಿಲ್ಲ. ಅವನಿಗೆ ಬೇರೆ ಕೆಲಸ ಕೊಡಬೇಕೆಂದು ಪ್ರತ್ಯೇಕವಾಗಿ ಒಂದು ಪತ್ರ ಬರೆಯಲು ಕೂತೆ.

ಆ ಪತ್ರ ಮುಗಿಯುವ ಮೊದಲೇ ಅವನ ಕಾರ್ಡ್ ನಿಂತಿತ್ತು. ಯಾರೂ ಓದಿ ತೀರ್ಮಾನಿಸಿದ್ದಲ್ಲ. ನಾನು ಒತ್ತಿದ ಚೌಕವೇ ಅದನ್ನು ನಿಲ್ಲಿಸಿತ್ತು. ಊಟದ ಹೊತ್ತಿಗೆ ಅವನು ಹೊರಗೆ ಹೋದ. ಮತ್ತೆ ಒಳಗೆ ಬರಲು ಗೇಟು ತೆರೆಯಲಿಲ್ಲ. ನನ್ನ ಪತ್ರಕ್ಕೆ ಉತ್ತರ ಬರಲಿಲ್ಲ. ಮೂರು ಸಲ ಫೋನ್ ಮಾಡಿದೆ. ಮೂರು ಸಲವೂ ಬೇರೆ ಬೇರೆಯವರು ಎತ್ತಿ, ಸಿಸ್ಟಮ್‌ನಲ್ಲಿ ಪ್ರಕರಣ ಮುಗಿದಿದೆ ಸಾರ್ ಎಂದರು.

ಹೆಂಡತಿ ತೀರಿಕೊಂಡ ದಿನ ಆ ವರ್ಷ ಮತ್ತೆ ಬಂದಾಗ ಅವನು ಎಡೆ ಇಡಲು ಗೇಟಿಗೆ ಬಂದ. ಮಿಂದು, ಬಿಳಿ ಪಂಚೆ ಉಟ್ಟು, ಕೈಯಲ್ಲಿ ಬುಟ್ಟಿ ಹಿಡಿದಿದ್ದ. ಕಂಪ್ಯೂಟರಿನಲ್ಲಿ ಸಂದರ್ಶಕರ ಪುಟ ತೆರೆದು ಕಾರಣಗಳ ಪಟ್ಟಿ ನೋಡಿದೆ: ದುರಸ್ತಿ, ತಪಾಸಣೆ, ಸಾಮಾನು ಪೂರೈಕೆ, ವಾಹನ. ‘ಇತರೆ’ ಎಂದು ಒತ್ತಿ ಅನುಮತಿಗೆ ಕಳಿಸಿದೆ. ಹತ್ತು ಗಂಟೆಯಿಂದ ಎರಡು ಗಂಟೆಯವರೆಗೆ ಅವನು ಬಿಸಿಲಲ್ಲಿ ನಿಂತಿದ್ದ. ಅನುಮತಿ ಬರಲಿಲ್ಲ.

“ಇಲ್ಲಿ ಕೊಡು, ನಾನು ಹೋಗಿ ಇಟ್ಟು ಬರುತ್ತೇನೆ,” ಎಂದೆ.

“ನೀವಿಟ್ರೆ ಆಗಲ್ಲ ಕಣಣ್ಣ. ಮನೆಯವ್ರೇ ಇಡ್ಬೇಕು.”

ಬೇಲಿಯ ಹೊರಗಿನ ದಾರಿಯಲ್ಲಿ ಕುಂಟುತ್ತಾ ಹೊರಟ. ನಾನೂ ಹಿಂದೆ ಹೋದೆ. ಹೊರಗಿನಿಂದ ಪ್ಯಾನೆಲ್ಲಿನ ಸಾಲುಗಳೆಲ್ಲ ಒಂದೇ ತರಹ ಕಾಣುತ್ತವೆ. ಅವನು ಒಂದು ಕಡೆ ನಿಂತ, ಮುಂದೆ ಹೋದ, ತಿರುಗಿ ಬಂದ. ಹುಟ್ಟಿ ಬೆಳೆದ ಹೊಲ ಅವನಿಗೆ ಗೊತ್ತಾಗಲಿಲ್ಲ.

“ಎಲ್ಲಿ ಬತ್ತದಣ್ಣ ಅವ್ಳ ಜಾಗ?”

ಸಾಲುಗಳ ಸಂಖ್ಯೆ ನನಗೆ ಬಾಯಿಪಾಠವಾಗಿತ್ತು. ನಲವತ್ತೊಂದನೆಯ ಸಾಲಿನ ಕೊನೆಗೆ ಕೈ ತೋರಿಸಿದೆ. ಅವನು ಆ ಕಡೆಗೆ ಮುಖ ಮಾಡಿ ನೆಲ ಒರೆಸಿ ಎಲೆ ಹಾಸಿದ. ಅನ್ನ, ಹುಳಿಸಾರು, ವಡೆ, ಪಾಯಸ, ಒಂದು ಹಿಡಿ ಹುರಿದ ಕಡಲೆಕಾಯಿ ಬಡಿಸಿದ. ಕೈ ಮುಗಿದು ಬಹಳ ಹೊತ್ತು ನಿಂತ. ಕೊನೆಗೆ ಬುಟ್ಟಿಯಲ್ಲಿ ಉಳಿದಿದ್ದರಲ್ಲಿ ಒಂದು ವಡೆ ತೆಗೆದು ನನ್ನ ಕಡೆ ಚಾಚಿದ.

“ತಿನ್ನಿ ಅಣ್ಣ. ಬೆಳಿಗ್ಗಿಂದ ನೀವೂ ಏನೂ ತಿಂದಿಲ್ಲ.”

ಅವನು ಬೈದಿದ್ದರೆ ಕೇಳಿಕೊಂಡು ನಿಲ್ಲಬಹುದಿತ್ತು. ವಡೆಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ನಿಂತಲ್ಲೇ ತಿಂದೆ.