ನೂರ ಹನ್ನೆರಡನೆಯ ಸಹಿ

ಥೆಲ್ಮಾ ಲಪ್ಲಾಂಟ್ ಚುನಾವಣೆಗೆ ನಿಂತದ್ದು ದೇಶೋದ್ಧಾರಕ್ಕಲ್ಲ, ಒಂದು ಸೇತುವೆಗಾಗಿ. ಟ್ಯಾನರ್ಸ್ ಫಾಲ್ಸ್‌ ಶಾಲೆಯಲ್ಲಿ ಇಪ್ಪತ್ತೊಂಬತ್ತು ವರ್ಷ ಮಕ್ಕಳಿಗೆ ಮಧ್ಯಾಹ್ನದ ಊಟ ಬಡಿಸಿದ ಹೆಂಗಸು ಆಕೆ. ಊರಿನ ಅರ್ಧ ಜನರನ್ನು ಹೆಸರಿಗಿಂತ ಹೆಚ್ಚಾಗಿ ಅವರು ತಟ್ಟೆಯಲ್ಲಿ ಬಿಡುತ್ತಿದ್ದ ಬೀನ್ಸ್‌ನಿಂದಲೇ ನೆನಪಿಟ್ಟುಕೊಂಡಿದ್ದಳು. ಮನೆಗೂ ಶಾಲೆಗೂ ನಡುವೆ ಇದ್ದ ಸೇತುವೆಯನ್ನು ನಾಲ್ಕು ವರ್ಷದ ಹಿಂದೆ ಮುಚ್ಚಿದ್ದರು. ಎರಡು ನಿಮಿಷದ ದಾರಿ ಈಗ ಹನ್ನೊಂದು ಮೈಲಿ ಸುತ್ತು.

ಫೆಬ್ರುವರಿಯ ಕೊನೆಯ ವಾರ ಕೌಂಟಿ ಸಭೆಯ ಸದಸ್ಯ ಡ್ವೈಟ್ ಹ್ಯಾನ್ರಟಿ ವಾಡಿಕೆಯಂತೆ ಅವಳ ಮನೆಗೆ ಬಂದ. ಬೂಟಿನ ಹಿಮ ಕೊಡವಿ ಒಳಗೆ ಕೂತು, ದಾಲ್ಚಿನ್ನಿ ಕೇಕಿನ ಎರಡು ದಪ್ಪ ತುಂಡುಗಳನ್ನು ಮುಗಿಸಿದ.

"ಸೇತುವೆ ಏನಾಯ್ತು ಡ್ವೈಟ್?" ಎಂದು ಥೆಲ್ಮಾ ಕೇಳಿದಳು.

"ಪರಿಶೀಲನೇಲಿದೆ ಥೆಲ್ಮಾ."

"ಹೋದ ವರ್ಷಾನೂ ಇದನ್ನೇ ಅಂದೆ."

"ಈಗ ಇನ್ನೂ ಚೆನ್ನಾಗಿ ಪರಿಶೀಲಿಸ್ತಾ ಇದ್ದಾರೆ."

ಅವನು ಹೋದ ಮೇಲೆ ಅವಳಿಗೆ ಮೈಯೆಲ್ಲ ಉರಿಯಿತು. ಹದಿನಾರು ವರ್ಷದಿಂದ ಪ್ರೈಮರಿಯಲ್ಲಿ, ಅಂದರೆ ಪಕ್ಷ ತನ್ನ ಅಭ್ಯರ್ಥಿಯನ್ನು ಆರಿಸುವ ಒಳಚುನಾವಣೆಯಲ್ಲಿ, ಡ್ವೈಟ್‌ಗೆ ಎದುರಾಳಿಯೇ ಇರಲಿಲ್ಲ. ಬೇರೆ ಪಕ್ಷಕ್ಕೆ ಆ ಕಡೆ ಹೇಳಹೆಸರಿಲ್ಲ. ಪ್ರೈಮರಿ ದಾಟಿದವನು ಗೆದ್ದಂತೆಯೇ. ಹೀಗಾದರೆ ಅವನು ಕೇಕು ತಿನ್ನದೆ ಇನ್ನೇನು ಮಾಡುತ್ತಾನೆ?

ಮರುದಿನವೇ ಥೆಲ್ಮಾ ಚುನಾವಣಾ ಕಚೇರಿಗೆ ಹೋಗಿ ಸಹಿ ಹಾಳೆಗಳನ್ನು ತಂದಳು. ಪ್ರೈಮರಿಯ ಮತಚೀಟಿಯಲ್ಲಿ ಹೆಸರು ಬರಬೇಕಾದರೆ ಅದೇ ಕ್ಷೇತ್ರದ, ಅದೇ ಪಕ್ಷದ ನೂರ ಹನ್ನೆರಡು ಮತದಾರರ ಸಹಿ ಬೇಕು.

ಗಂಡ ಅರ್ಮಾನ್ ಪತ್ರಿಕೆಯ ಹಿಂದಿನಿಂದಲೇ ಕೇಳಿದ: "ಅಲ್ಲ ಮಾರಾಯ್ತಿ, ನೀನ್ಯಾರಿಗೆ ಗೊತ್ತು?"

"ಊರಿಗೆಲ್ಲ ಗೊತ್ತು."

"ಊರಿಗೆ ಗೊತ್ತಿರೋದು ನಿನ್ ಸೌಟು."

ಆ ಸೌಟಿನ ಹೆಸರಲ್ಲೇ ಅವಳು ಹೊರಟಳು. ಐದು ವಾರ ಕೆಸರು ತುಳಿದಳು, ನಾಯಿಗಳ ಕೈಯಲ್ಲಿ ಬೊಗಳಿಸಿಕೊಂಡಳು. ಶುಕ್ರವಾರ ಸಂಜೆ ಅಗ್ನಿಶಾಮಕ ಠಾಣೆಯಲ್ಲಿ ಊರವರಿಗಾಗಿ ನಡೆಯುವ ಮೀನೂಟದಲ್ಲಿ ಹಾಳೆಗಳನ್ನು ಹಿಡಿದು ಮೇಜಿನಿಂದ ಮೇಜಿಗೆ ಸುತ್ತಿದಳು. "ಬೀನ್ಸ್ ಬಿಟ್ಟಿದ್ದು ಮರೆತಿದ್ದೀನಿ ಅನ್ಕೋಬೇಡ, ಹಾಕು ಸಹಿ" ಎಂದರೆ ನಲವತ್ತರ ಗಂಡಸರೂ ಮರುಮಾತಿಲ್ಲದೆ ಪೆನ್ನು ಹಿಡಿಯುತ್ತಿದ್ದರು. ಒಟ್ಟು ನೂರ ನಲವತ್ತೊಂಬತ್ತು ಸಹಿಗಳಾದವು. ಸಲ್ಲಿಸಿ ಬಂದ ದಿನ ಅವಳು ಗೆದ್ದೇಬಿಟ್ಟವಳ ಹಾಗೆ ಬೀಗುತ್ತಿದ್ದಳು.

ವಾರ ಕಳೆಯುವುದರೊಳಗೆ ಡ್ವೈಟ್‌ನ ವಕೀಲ ಆಕ್ಷೇಪಣೆಗಳ ಉದ್ದ ಪಟ್ಟಿಯನ್ನೇ ತಂದ. ಮಂಗಳವಾರ ಬೆಳಿಗ್ಗೆ ಚುನಾವಣಾ ಕಚೇರಿಯಲ್ಲಿ ವಿಚಾರಣೆ. ಥೆಲ್ಮಾ ಅರ್ಮಾನ್‌ನ ಜೊತೆ ಬಂದು ಕೂತಳು, ಎದುರಿಗೆ ಡ್ವೈಟ್ ಕೂತಿದ್ದ. ಚುನಾವಣಾ ಅಧಿಕಾರಿ ರೋಂಡಾ ಅಳತೆಪಟ್ಟಿ ಇಟ್ಟುಕೊಂಡು ಒಂದೊಂದೇ ಸಾಲು ನೋಡುತ್ತ ಹೋದಳು. ಊರೆಲ್ಲ 'ಬಡ್' ಎಂದು ಕರೆಯುವ ಮನುಷ್ಯ ಹಾಳೆಯಲ್ಲೂ 'ಬಡ್' ಎಂದೇ ಗೀಚಿದ್ದ, ಹೊಡೆದುಹಾಕಿದಳು. ಹನ್ನೊಂದು ಜನ ತಾವು ಮತ ಹಾಕುವ ಟೌನಿನ ಹೆಸರು ಬರೆಯುವ ಕಡೆ ಅಂಚೆ ವಿಳಾಸದ ಊರಿನ ಹೆಸರು ಬರೆದಿದ್ದರು, ಅವೂ ಹೋದವು. ಒಂದು ಕಡೆ ತಾರೀಕಿನ ಮೇಲೆ ಮೀನಿನ ಸಾಸು ಬಿದ್ದಿತ್ತು. ಹೀಗೆ ಮೂವತ್ತಾರು ಸಹಿಗಳು ಹೋಗಿ ನೂರ ಹದಿಮೂರು ಉಳಿದವು. ತೀರ್ಮಾನವಾಗದೆ ಉಳಿದದ್ದು ಎರಡೇ ಆಕ್ಷೇಪಣೆ. ಒಂದು ಸಹಿ ಹೋದರೂ ತೊಂದರೆಯಿಲ್ಲ, ಎರಡೂ ಹೋದರೆ ಥೆಲ್ಮಾಳ ಕಥೆ ಮುಗಿಯಿತು.

"ಮೊದಲನೇದು ನಿಮ್ದೇ ಸಹಿ" ಎಂದಳು ರೋಂಡಾ. "ನಿಮ್ಮ ಹಾಳೇಲಿ ಫೆಬ್ರುವರಿ ಇಪ್ಪತ್ತೆಂಟಕ್ಕೆ ಹಾಕಿದ್ದೀರಿ. ಆದ್ರೆ ಇಪ್ಪತ್ತಾರಕ್ಕೇ ಡ್ವೈಟ್ ಅವರ ಹಾಳೇಲೂ ಹಾಕಿದ್ದೀರಲ್ಲ?"

ಥೆಲ್ಮಾಗೆ ಕುರ್ಚಿಯೇ ಕುಸಿದಂತಾಯಿತು. ಕೇಕಿನ ದಿನ! ಮನೆಗೆ ಬಂದವನು ಹಾಳೆ ಚಾಚಿದ್ದ, ಅವಳು ಕಾಫಿ ಕೊಟ್ಟಷ್ಟೇ ಸಹಜವಾಗಿ ಸಹಿಯನ್ನೂ ಕೊಟ್ಟಿದ್ದಳು. ಬಾಗಿಲಲ್ಲಿ ನಿಂತ ನೆರೆಯವನಿಗೆ ಇಲ್ಲ ಅನ್ನುವುದು ಆ ಊರಿನಲ್ಲಿ ಯಾರಿಗೂ ಬರುವುದಿಲ್ಲ.

"ಇಬ್ಬರಿಗೂ ಹಾಕಿದ್ರೆ ಮೊದಲು ಹಾಕಿದ್ದಷ್ಟೇ ಲೆಕ್ಕ" ಎಂದು ರೋಂಡಾ ಗೆರೆ ಎಳೆದಳು. "ಈಗ ನೂರ ಹನ್ನೆರಡು."

ಸ್ವಂತ ಉಮೇದುವಾರಿಕೆಗೆ ತನ್ನದೇ ಸಹಿ ಇಲ್ಲ! ಅರ್ಮಾನ್ ಕೆಮ್ಮುವ ನೆಪದಲ್ಲಿ ನಗು ನುಂಗಿದ. ಥೆಲ್ಮಾ ಅವನ ಕಾಲು ತುಳಿದಳು.

"ಎರಡನೇದು ಆಗ್ನೆಸ್ ಹ್ಯಾನ್ರಟಿ ಅವರ ಸಹಿ. ಅಕ್ಷರ ನಮ್ಮ ದಾಖಲೆಗೆ ಹೊಂದಲ್ಲ."

ವಕೀಲನ ಪಟ್ಟಿಯನ್ನು ಓದಿಯೇ ಇರದ ಡ್ವೈಟ್ ಕೂತಲ್ಲಿಂದ ಎಗರಿ ಎದ್ದ. "ನಮ್ಮಮ್ಮಾನಾ? ಈ ಪಟ್ಟೀಲಾ? ಯಾರೋ ಗೀಚಿದ್ದಾರೆ!"

"ನನ್ ಕಣ್ಣೆದುರೇ ಹಾಕಿದ್ರು!" ಎಂದು ಥೆಲ್ಮಾ ಚೀರಿದಳು.

"ಸುಳ್ಳು! ಬೇಕಾದ್ರೆ ಅಮ್ಮನ್ನೇ ಕೇಳಿ, ಕಾರಲ್ಲೇ ಕೂತಿದ್ದಾಳೆ." ಮಂಗಳವಾರ ತಾಯಿಯ ಕೂದಲಿಗೆ ಸುರುಳಿ ಹಾಕಿಸುವ ದಿನ, ವಿಚಾರಣೆ ಮುಗಿಸಿ ಅವನೇ ಕರೆದೊಯ್ಯುವವನಿದ್ದ. ಈಗ ಅವನೇ ಹೋಗಿ ಕೈ ಹಿಡಿದು ಒಳಗೆ ಕರೆತಂದ. ಎಂಬತ್ತೆಂಟರ ಮುದುಕಿ ಹಾಳೆಯನ್ನು ಮೂಗಿನ ಹತ್ತಿರ ಹಿಡಿದು ನೋಡಿದಳು.

"ನಂದೇ. ಮೀನೂಟದಲ್ಲಿ ಹಾಕಿದ್ದು. ಬಲಗೈಲಿ ಮೀನಿತ್ತು, ಎಡಗೈಲಿ ಬರೆದೆ."

"ಅಮ್ಮಾ! ನಂಗೂ ಹಾಕಿದ್ಯಲ್ಲ!"

"ಅದು ಆಮೇಲೆ, ಭಾನುವಾರ ಊಟಕ್ಕೆ ಬಂದಾಗ ನೀನೇ ಕೇಳಿದ್ದು. ಹೆತ್ತ ಮಗ, ಇಲ್ಲ ಅನ್ನೋಕಾಗತ್ತಾ?"

ರೋಂಡಾ ಎರಡೂ ಹಾಳೆಗಳ ತಾರೀಕು ನೋಡಿದಳು. ಥೆಲ್ಮಾಳದು ಮಾರ್ಚ್ ಏಳು, ಡ್ವೈಟ್‌ನದು ಹದಿನಾರು. "ಮೊದಲು ಹಾಕಿದ್ದಷ್ಟೇ ಲೆಕ್ಕ. ನೂರ ಹನ್ನೆರಡು. ಸರಿಯಾಗಿದೆ."

ಥೆಲ್ಮಾಳ ಕಣ್ಣು ತುಂಬಿತು. ಅವಳು ಹೋಗಿ ಮುದುಕಿಯ ಕೈ ಹಿಡಿದುಕೊಂಡಳು. "ನಿಮ್ ಉಪಕಾರ ಹೇಗೆ ಮರೀಲಿ, ಮಿಸೆಸ್ ಹ್ಯಾನ್ರಟಿ?"

"ಆಸೆ ಇಟ್ಕೋಬೇಡ ತಾಯಿ. ವೋಟು ನನ್ ಮಗನಿಗೇ."

"ಹಾಗಾದ್ರೆ ಅವಳಿಗ್ಯಾಕೆ ಸಹಿ ಹಾಕ್ದೆ ಅಮ್ಮಾ?" ಡ್ವೈಟ್‌ನ ದನಿ ಚಿಕ್ಕ ಹುಡುಗನದಾಗಿತ್ತು.

"ಹದಿನಾರು ವರ್ಷದಿಂದ ಚೀಟೀಲಿ ನಿಂದೊಂದೇ ಹೆಸರು ಕಣೋ. ನಿನ್ನ ಹೆತ್ತಿದ್ದೀನಿ, ಸಾಕಿದ್ದೀನಿ. ಒಂದ್ ಸಲಾನೂ ಆರಿಸಿಲ್ಲ. ಸಾಯೋದ್ರೊಳಗೆ ಒಂದ್ ಸಲ ಆರಿಸ್ಬೇಕು."

ಡ್ವೈಟ್ ಬಗ್ಗಿ ತಾಯಿಯ ಕೋಟಿನ ಗುಂಡಿ ಹಾಕಿದ. ಮತಚೀಟಿಯ ಕರಡಿನಲ್ಲಿ ರೋಂಡಾ ಅವನ ಹೆಸರಿನ ಕೆಳಗೆ ಥೆಲ್ಮಾ ಲಪ್ಲಾಂಟ್ ಎಂದು ಬರೆದಳು.