ನೂರ ನಲವತ್ತನಾಲ್ಕನೇ ಪುಟದ ಕಲೆ

ನಮ್ಮ ದೊಡ್ಡಮ್ಮ ಪುಸ್ತಕ ಓದುವುದಿಲ್ಲ, ಪುಸ್ತಕದ ಕೊಳೆ ಓದುತ್ತಾಳೆ. ವಾಚನಾಲಯದ ಹಿಂದಿನ ಕೋಣೆಯಲ್ಲಿ ಕೂತು ಹರಿದ ಪುಸ್ತಕಗಳಿಗೆ ಹೊಲಿಗೆ ಹಾಕಿ ರಟ್ಟು ಕಟ್ಟುವುದು ಅವಳ ಕೆಲಸ. ಮುಂದಿನ ಮೇಜಿನಲ್ಲಿ ಪುಸ್ತಕ ಕೊಟ್ಟು ತೆಗೆದುಕೊಳ್ಳುವುದು ನನ್ನದು. ಹಾಳೆಗಳ ಅಂಚು ನೋಡಿದರೆ ಸಾಕು, ಓದಿದವರು ಎಲ್ಲಿ ಬೇಸತ್ತರು, ಎಲ್ಲಿ ಅತ್ತರು, ಎಲ್ಲಿ ಊಟದ ಕೈಯಲ್ಲೇ ಪುಟ ತಿರುವಿದರು ಎಂದು ಹೇಳಿಬಿಡುತ್ತಾಳೆ.

ಅತಿ ಹೆಚ್ಚು ಹರಿದು ಬರುವುದು ರಾಜರ ಕಾಲದ ಯುದ್ಧ, ಪ್ರೇಮದ ಕಾದಂಬರಿಗಳು. ಅವನ್ನು ಕಂಡರೆ ದೊಡ್ಡಮ್ಮ ಮೂಗು ಮುರಿಯುತ್ತಾಳೆ.

"ನಾಯಕಿ ಗಂಡನಿಗಾಗಿ ಹನ್ನೆರಡು ವರ್ಷ ಕಾಯ್ತಾಳಂತೆ, ಮಾಡೋಕೆ ಬೇರೆ ಕೆಲಸ ಇಲ್ವಾ? ನಿಮ್ಮ ದೊಡ್ಡಪ್ಪ ಗಡಿಯಿಂದ ಹುಣ್ಣಿಮೆಗೆ ಬರ್ತೀನಿ ಅಂದ್ರು, ಹುಣ್ಣಿಮೆ ದಿನಾನೇ ಬಂದು ಬಾಗಿಲು ತಟ್ಟಿದ್ರು. ಗಂಡಸಿನ ಮಾತು ಅಂದ್ರೆ ಅದು!"

ಈ ಜಂಬ ನನಗೆ ಬಾಯಿಪಾಠವಾಗಿತ್ತು. ದೊಡ್ಡಪ್ಪ ಸೈನ್ಯ ಬಿಟ್ಟು ಬಂದ ಮೇಲೆ ಹೊಲಿಗೆ ಯಂತ್ರ ರಿಪೇರಿ ಮಾಡುವವರು. ಸಂಜೆ ಅಂಗಡಿ ಮುಚ್ಚಿ ಬಂದು, ದೊಡ್ಡಮ್ಮನ ಕೆಲಸ ಮುಗಿಯುವವರೆಗೆ ಕಪಾಟುಗಳ ಸಂದಿಯಲ್ಲಿ ಕೂರುತ್ತಿದ್ದರು. ಯುದ್ಧದಲ್ಲಿ ಏನಾಯಿತೆಂದು ಮೂವತ್ತು ವರ್ಷಗಳಲ್ಲಿ ಒಮ್ಮೆಯೂ ಬಾಯಿ ಬಿಟ್ಟವರಲ್ಲ. ಆ ಮಾತೆತ್ತಿದರೆ ಚಪ್ಪಲಿ ಮೆಟ್ಟಿ ಹೊರಟೇಬಿಡುತ್ತಿದ್ದರು. ಅದೊಂದು ದೊಡ್ಡಮ್ಮನನ್ನು ಒಳಗೇ ಕೊರೆಯುತ್ತಿತ್ತು.

ಹೋದ ವರ್ಷ ಒಂದು ಕೋಟೆ ಮುತ್ತಿಗೆಯ ಕಾದಂಬರಿ ಬೆನ್ನು ಕಳಚಿಕೊಂಡು ಅವಳ ಕೈಗೆ ಬಂತು. ಅವಳು ನನ್ನನ್ನು ಒಳಗೆ ಕರೆದಳು.

"ಇದನ್ನ ಕೊನೆಗೆ ಮನೆಗೆ ತಗೊಂಡು ಹೋದವರು ಯಾರೇ?"

ಚೀಟಿ ನೋಡಿದೆ. "ಆರು ವರ್ಷದಿಂದ ಯಾರೂ ಇಲ್ಲ."

"ಹಾಗಾದ್ರೆ ಇದು ಯಾರದು?"

ನೂರ ನಲವತ್ತನಾಲ್ಕನೇ ಪುಟ. ಉಳಿದ ಹಾಳೆಗಳೆಲ್ಲ ಶುಚಿಯಾಗಿದ್ದವು. ಅದೊಂದೇ ಮೆತ್ತಗಾಗಿ, ಅಂಚಿನಲ್ಲಿ ಹೆಬ್ಬೆರಳಗಲದ ಕಪ್ಪು ಕಲೆ ಹೊತ್ತು ಕೂತಿತ್ತು. ನನಗೂ ಕುತೂಹಲ ತಡೆಯಲಾಗಲಿಲ್ಲ. ಪ್ರೇಮಿಗಳು ಕೂಡುವ ಪುಟವಿರಬೇಕೆಂದು ಗಟ್ಟಿಯಾಗಿ ಓದಿದೆ. ಅಲ್ಲ. ರಜೆ ಸಿಕ್ಕ ಸವಾರನೊಬ್ಬ ಹೆಂಡತಿಗೆ ಕೊಟ್ಟ ಮಾತಿಗಾಗಿ ಹೊರಟಿದ್ದಾನೆ. ಮರದಡಿ ಗಾಯಗೊಂಡು ಬಿದ್ದ ಗೆಳೆಯ "ಬೆಳಗಾಗುವವರೆಗೆ ಇರು" ಎನ್ನುತ್ತಾನೆ. ಸವಾರ ಕುದುರೆ ಹತ್ತುತ್ತಾನೆ. ಅಷ್ಟೇ. ಮುಂದಿನ ಪುಟದಲ್ಲಿ ಹೆಂಡತಿ, ಅಪ್ಪುಗೆ, ಆನಂದಬಾಷ್ಪ. ಆ ಗೆಳೆಯನ ಗತಿ ಏನಾಯಿತೆಂದು ಬರೆದ ಪುಣ್ಯಾತ್ಮರು ಕೊನೆಯವರೆಗೂ ಹೇಳುವುದೇ ಇಲ್ಲ. ನನಗೆ ಸಿಟ್ಟೇ ಬಂತು.

ದೊಡ್ಡಮ್ಮ ಪುಟವನ್ನು ಮೂಗಿಗೆ ಹಿಡಿದಳು.

"ಯಂತ್ರದ ಎಣ್ಣೆ. ಮೂವತ್ತು ವರ್ಷದಿಂದ ಈ ವಾಸನೆ ಒಗೀತಾ ಇದ್ದೀನಿ."

ಕಪಾಟಿನ ಸಂದಿಯಲ್ಲಿ ದೊಡ್ಡಪ್ಪ ದಿನಾ ಓದುತ್ತಿದ್ದದ್ದು ಅದೊಂದೇ ಪುಟ.

ಅವಳು ಹುಣ್ಣಿಮೆಯ ಜಂಬ ಕೊಚ್ಚಿದಾಗಲೆಲ್ಲ ಅವರು ಕೇಳಿಸಿಕೊಂಡು ಅಲ್ಲೇ ಕೂತಿದ್ದರಲ್ಲ. "ಕೇಳಿಬಿಡು ದೊಡ್ಡಮ್ಮ" ಎಂದೆ.

"ಕೇಳಿದ್ರೆ ಎದ್ದು ಹೋಗ್ತಾರೆ ಕಣೇ."

ಪುಸ್ತಕದಲ್ಲಿ ಇಲ್ಲದ ಹಾಳೆಯನ್ನು ನಡುವೆ ಸೇರಿಸಬಾರದು ಎನ್ನುವುದು ಅವಳ ಕಸುಬಿನ ಕಟ್ಟುನಿಟ್ಟು. ಅಂದು ಅದನ್ನು ಮುರಿದಳು. ನೂರ ನಲವತ್ತನಾಲ್ಕರ ಮುಂದೆ ಒಂದು ಖಾಲಿ ಹಾಳೆ ಇಟ್ಟು ಹೊಲಿದಳು. ಒಣಗಿದ ಮೇಲೆ ಪುಸ್ತಕವನ್ನು ಇದ್ದ ಜಾಗದಲ್ಲೇ ಇಟ್ಟು, ಪಕ್ಕದಲ್ಲಿ ಒಂದು ಪೆನ್ಸಿಲ್ ಮರೆತವಳಂತೆ ಬಿಟ್ಟು ಬಂದಳು.

ಒಂಬತ್ತು ದಿನ ಏನೂ ಇಲ್ಲ. ಆ ದಿನಗಳಲ್ಲಿ ಅವಳು ಎರಡು ಪುಸ್ತಕಕ್ಕೆ ರಟ್ಟು ತಲೆಕೆಳಗಾಗಿ ಅಂಟಿಸಿದಳು. ಹತ್ತನೆಯ ಸಂಜೆ ದೊಡ್ಡಪ್ಪ ತಾವಾಗಿಯೇ ಹಿಂದಿನ ಕೋಣೆಗೆ ಬಂದು, ಪುಸ್ತಕ ಅವಳ ಮುಂದಿಟ್ಟು, ಬಾಗಿಲಲ್ಲೇ ನಿಂತರು. ಕನ್ನಡಕ ಸಿಗದೆ ತಡಕಾಡಿದ ಅವಳು ಪುಸ್ತಕವನ್ನು ನನ್ನ ಕೈಗಿತ್ತಳು. ಖಾಲಿ ಹಾಳೆಯಲ್ಲಿದ್ದ ಮೂರೇ ವಾಕ್ಯಗಳನ್ನು ಗಟ್ಟಿಯಾಗಿ ಓದಿದೆ:

"ಬೆಳಗಾಗುವವರೆಗೆ ಇರು ಅಂದ. ನಾನು ಇರಲಿಲ್ಲ. ಅವನೂ ಹೆಂಡತಿಗೆ ಅದೇ ಹುಣ್ಣಿಮೆಗೆ ಬರ್ತೀನಿ ಅಂದಿದ್ದ."

ದೊಡ್ಡಮ್ಮ ಕೈಯಲ್ಲಿದ್ದ ಸೂಜಿಯನ್ನು ಹಾಗೇ ಹಿಡಿದು ಬಾಗಿಲ ಕಡೆ ನೋಡಿದಳು. ಆಮೇಲೆ ಕೇಳಿದಳು.

"ಆಕೆ ಇದ್ದಾಳಾ?"

"ಇದ್ದಾಳೆ. ಬಸ್ಸಲ್ಲಿ ಮೂರು ಗಂಟೆ ದಾರಿ. ಎರಡು ಸಲ ಹೋಗಿದ್ದೆ. ಬಾಗಿಲವರೆಗೂ ಹೋಗಿ ವಾಪಸ್ ಬಂದೆ."

"ಏನಂತ ಹೇಳಿ ಹೋಗಿದ್ರಿ ನನಗೆ?"

"ಯಂತ್ರದ ಬಿಡಿಭಾಗ ತರೋಕೆ ಅಂತ."

ದೊಡ್ಡಮ್ಮ ಸೂಜಿಯನ್ನು ದಾರದುಂಡೆಗೆ ಚುಚ್ಚಿಟ್ಟಳು. ಅಂಟಾದ ಕೈ ಒರೆಸಿಕೊಂಡು ನನ್ನ ಕಡೆ ತಿರುಗಿದಳು.

"ನಾಳೆ ನನಗೆ ರಜ ಬರ್ಕೊಳ್ಳೇ. ಬಾಗಿಲು ನಾನು ತಟ್ಟಬೇಕು."