ಕಾರಣ ಕೇಳದೆ ಹಿಂತಿರುಗುವ ಅತ್ತಿಗೆ

ಚಳಿಗಾಲದಲ್ಲಿ ಅತ್ತಿಗೆಯ ಮುಖ ಎರಡು ಬಣ್ಣದ್ದಾಗುತ್ತಿತ್ತು. ಬೆಟ್ಟದ ಬಿಸಿಲಿಗೆ ಕೆನ್ನೆ, ಮೂಗು ಕಪ್ಪಾಗುತ್ತಿದ್ದವು. ಸ್ಕೀ ಕನ್ನಡಕ ಕೂತ ಜಾಗ ಮಾತ್ರ ತಿಳಿಯಾಗಿ ಉಳಿಯುತ್ತಿತ್ತು. ಆ ಭಾನುವಾರವೂ ಅದೇ ಮುಖ. ಅಮೆರಿಕದ ನೋವೈ ಊರಿನ ನಮ್ಮ ಬೀದಿಯ ಕೊನೆಯಲ್ಲಿ, ರಸ್ತೆಯ ಹಿಮ ಗೋರುವ ಪ್ಲೋ ಗಾಡಿ ಒಟ್ಟಿದ್ದ ಹಿಮದ ಗುಡ್ಡೆಯೊಳಗೆ ಒಂದು ಬೀಕನ್ ಹೂತಿಟ್ಟು, ಇನ್ನೊಂದನ್ನು ನನ್ನ ಕೈಗೆ ಕೊಟ್ಟರು. ಹಿಮಕುಸಿತದಲ್ಲಿ ಸಿಕ್ಕವರ ಮೈಮೇಲಿನ ಬೀಕನ್ ಸಂಕೇತ ಕಳಿಸುತ್ತದೆ. ಅದನ್ನು ಹಿಡಿದು ಜೊತೆಗಾರರು ಹುಡುಕಬೇಕು.

"ನಿಂತು ಏನ್ ನೋಡ್ತೀ? ಒಳಗ ನಾ ಇದ್ದೀನಿ ಅಂತ ತಿಳ್ಕೊಂಡು ಹುಡುಕು."

"ಚಳಿ ಅತ್ತಿಗೆ. ಅಣ್ಣನ್ನ ಕರೀತೀನಿ."

"ನಿಮ್ಮಣ್ಣ ಬರೂದ್ರಾಗ ಹಿಮಾನ ಕರಗಿರ್ತದ."

ಮರುದಿನ ಅವರು ಕೊಲರಾಡೊಗೆ ಹೊರಟರು.

ಅತ್ತಿಗೆ ಡಿಯರ್‌ಬಾರ್ನ್‌ನಲ್ಲಿ ಕಾರುಗಳ ಬ್ರೇಕ್ ಪರೀಕ್ಷಿಸುವ ಎಂಜಿನಿಯರ್. ಪ್ರತಿ ಚಳಿಗಾಲ ಮೂವರು ಗೆಳತಿಯರ ಜೊತೆ ಹಿಮದ ಇಳಿಜಾರುಗಳಲ್ಲಿ ಸ್ಕೀ ಮಾಡಲು ಬೆಟ್ಟಕ್ಕೆ ಹೋಗುತ್ತಿದ್ದರು. ಅವರ ಗುಂಪಿಗೆ ಒಂದು ಕಟ್ಟಳೆ ಇತ್ತು: ಯಾರೇ ಒಬ್ಬರು ಬೇಡ ಎಂದರೆ ಎಲ್ಲರೂ ಹಿಂತಿರುಗಬೇಕು.

ಒಮ್ಮೆ ನನ್ನನ್ನೂ ಕರೆದುಕೊಂಡು ಹೋಗಿದ್ದರು. ರಾತ್ರಿಯಿಡೀ ಬಿರುಗಾಳಿಯೊಡನೆ ಹಿಮ ಸುರಿದಿತ್ತು. ಬೆಳಿಗ್ಗೆ ಇಳಿಜಾರಿನ ಅಂಚಿಗೆ ಬಂದಾಗ ಕಾಲಡಿ ಹಿಮ ಗುಮ್ಮೆಂದು ಕುಸಿದ ಹಾಗಾಯಿತು. "ನನಗೆ ಬೇಡ ಅನ್ನಿಸ್ತಿದೆ," ಅಂದೆ. ಅತ್ತಿಗೆ ಆಗಲೇ ತಿರುಗಿದ್ದರು. ಇಷ್ಟು ದೂರ ಬಂದು ಹೀಗಾ ಎಂದು ಒಬ್ಬರು ಗೊಣಗಿದರು. "ಬ್ಯಾಡ ಅಂದ್ರ ಬ್ಯಾಡ. ಯಾಕಂತ ಕೇಳೂ ಹಂಗಿಲ್ಲ," ಎಂದು ನನ್ನ ಮುಂದೆ ನಡೆದರು. ಕ್ಯಾಬಿನ್ನಿನಲ್ಲಿ ಉಪ್ಪಿಟ್ಟು ಮಾಡಿ ಬಡಿಸುವಾಗಲೂ ಆ ಮಾತು ಎತ್ತಲಿಲ್ಲ.

ಆ ಭಾನುವಾರದ ಮರುದಿನ ಹೊರಟ ಕೊನೆಯ ಸಲವೂ ಬಿರುಗಾಳಿ ಕಂಡು ಅವರೇ ಬೇಡ ಎಂದು ಎಲ್ಲರನ್ನೂ ಹಿಂತಿರುಗಿಸಿದ್ದರು. ಇಳಿಯುವಾಗ, ಮರಗಳ ನಡುವಿನ ಕೆಳದಾರಿಗೆ ಮೇಲಿನ ಹಿಮ ಬರುವುದಿಲ್ಲ ಎಂದುಕೊಂಡರು. ಹಿಮ ಕುಸಿದು ಬಂತು, ಅತ್ತಿಗೆ ಅದರಡಿ ಸಿಕ್ಕರು. ಗೆಳತಿಯರು ಬೇಗನೆ ಹುಡುಕಿ ಅಗೆದರು. ಉಸಿರು ನಿಂತಿತ್ತು.

ಹದಿಮೂರನೆಯ ದಿನ ಊಟಕ್ಕೆ ಬಂದ ಪಕ್ಕದ ಮನೆಯ ಅಂಕಲ್, "ಸಂಸಾರಸ್ಥರು ಆ ಹಿಮದಲ್ಲಿ ಯಾಕಮ್ಮ ಹೋಗ್ಬೇಕಿತ್ತು?" ಎಂದರು.

"ನೀವು ಐಸ್ ಕಟ್ಟಿದ ರಸ್ತೆ ಮೇಲೆ ದಿನಾ ಸ್ಟರ್ಲಿಂಗ್ ಹೈಟ್ಸ್‌ಗೆ ಡ್ರೈವ್ ಮಾಡ್ತೀರಲ್ಲ ಅಂಕಲ್, ನಿಮ್ಮನ್ನ ಯಾರಾದ್ರೂ ಕೇಳಿದಾರಾ?"

"ಅದು ಕೆಲಸ ಕಣಮ್ಮ."

"ಇದು ಅವರ ಜೀವನ."

ಸಾರು ಬಡಿಸುತ್ತಿದ್ದ ಅಣ್ಣ ನನ್ನನ್ನು ತಡೆಯಲಿಲ್ಲ.

ಕೆಳದಾರಿಯ ಅಂದಾಜು ತಪ್ಪಿತ್ತು. ಅದನ್ನು ನಾನೇ ಹೇಳುತ್ತೇನೆ. ಆದರೆ ಅತ್ತಿಗೆಗೆ ಬುದ್ಧಿ ಇರಲಿಲ್ಲ, ಹುಚ್ಚಿಗೆ ಬಿದ್ದು ಹೋದರು ಎಂದು ನನ್ನೆದುರು ಯಾರೂ ಹೇಳಕೂಡದು. ಇನ್ನೊಬ್ಬರ ಭಯವನ್ನು ಮರ್ಯಾದೆಯಿಂದ ಕೇಳಿಸಿಕೊಂಡವರು ನಾನು ಕಂಡಂತೆ ಅವರೊಬ್ಬರೇ.

ಈ ಚಳಿಗಾಲ ಕೊಲರಾಡೊದಲ್ಲಿ ಹಿಮಕುಸಿತದ ತರಬೇತಿಗೆ ಸೇರಿದ್ದೇನೆ. "ನಿನಗೂ ಬೇಕಾ ಇದು?" ಎಂದು ಅಂಕಲ್ ಫೋನ್ ಮಾಡಿದರು. "ಬೇಕು ಅಂಕಲ್," ಅಂದೆ. ಅಣ್ಣನೇ ಏರ್‌ಪೋರ್ಟಿಗೆ ಬಿಟ್ಟ. ದಾರಿಯುದ್ದಕ್ಕೂ ಕಾರಿನಲ್ಲಿ ಅತ್ತಿಗೆಯ ಧಾರವಾಡದ ಕನ್ನಡ ಇರಲಿಲ್ಲ.